ಉತ್ತರದ ಗೋಡೆಯ ಬಾಗಿಲು

ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಒಂದು ಬಾಗಿಲಿನ ಜಗಳವಿದೆ. ಬಾಗಿಲು ನಮ್ಮ ಮನೆಯದಲ್ಲ, ಶಿವಮೊಗ್ಗದ ಹಳೆಯ ವಸ್ತುಪ್ರದರ್ಶನ ಭವನದ್ದು. ಅದರ ಉತ್ತರದ ಗೋಡೆಯಲ್ಲಿ ಒಂದು ಬಾಗಿಲಿತ್ತು ಎಂದು ನಮ್ಮ ಯಜಮಾನರು, ಇರಲೇ ಇಲ್ಲ ಎಂದು ನಾನು. ಭವನವನ್ನು ಕೆಡವುತ್ತಾರೆ ಎಂಬ ಸುದ್ದಿ ಬಂದಾಗ ಊರಿನ ತಿಳಿದವರೆಲ್ಲ ಎಂಥ ಕಟ್ಟಡ ಹೋಯಿತಲ್ಲ ಎಂದು ಮರುಗಿದರು. ನಾನೂ ಮರುಗಿದೆ. ಆದರೆ ಮರುಗುತ್ತಿರುವಾಗಲೇ, ಸದ್ಯ, ಇನ್ನಾದರೂ ಆ ಗೋಡೆ ಬಯಲಿಗೆ ಬರುತ್ತದೆ ಎಂದೂ ಅನ್ನಿಸಿತು. ಯಜಮಾನರಿಗೂ ಅದೇ ಅನ್ನಿಸಿರಬೇಕು. ಪೇಪರ್ ಮಡಚಿಟ್ಟು, "ಈಗ ಗೊತ್ತಾಗುತ್ತೆ ಬಿಡು ಮಾರಾಯ್ತಿ, ಯಾರ ಬಂಡವಾಳ ಏನೂಂತ" ಅಂದರು.

ಭವನ ಮಹಾರಾಜರ ಕಾಲದ್ದು. ಎತ್ತರದ ಗೋಡೆಗಳು, ಮಂಗಳೂರು ಹೆಂಚಿನ ಸೂರು, ಸೂರನ್ನು ಹೊತ್ತ ಕಬ್ಬಿಣದ ತೊಲೆಗಳು. ಆ ತೊಲೆಗಳು ಭದ್ರಾವತಿಯ ಕಾರ್ಖಾನೆಯಿಂದಲೇ ಬಂದವು ಎಂದು ಅಲ್ಲಿ ಕೆಲಸದಲ್ಲಿದ್ದ ನನ್ನ ಅಪ್ಪ ಹೇಳುತ್ತಿದ್ದರು. ಅಪ್ಪನ ಪ್ರಕಾರ ಶಿವಮೊಗ್ಗದಲ್ಲಿ ಗಟ್ಟಿಯಾಗಿ ನಿಂತದ್ದೆಲ್ಲ ಭದ್ರಾವತಿಯದು, ಬಿದ್ದುಹೋದದ್ದು ಮಾತ್ರ ಬೇರೆ ಊರಿನದು. ಆ ಸೂರಿನ ಕೆಳಗೆ ವರ್ಷವಿಡೀ ಏನಾದರೊಂದು ನಡೆಯುತ್ತಿತ್ತು. ಕೈಮಗ್ಗದ ಸೀರೆ, ಪುಸ್ತಕ, ದಸರೆಯ ಬೊಂಬೆ, ಸ್ಟೀಲ್ ಪಾತ್ರೆ, ಒಮ್ಮೆ ಎರಡು ತಲೆಯ ಕರು ಎಂದು ಹೇಳಿ ದುಡ್ಡು ಇಸಿದುಕೊಂಡು ತೋರಿಸಿದ ಯಾವುದೋ ಬಡಪ್ರಾಣಿ. ಹೊರಗೆ ತಟ್ಟೆಯಗಲದ ಡೆಲ್ಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿ. ಚಳಿಗಾಲದ ಫಲಪುಷ್ಪ ಪ್ರದರ್ಶನಕ್ಕಂತೂ ಆಯನೂರು, ಹೊಳಲೂರು, ಭದ್ರಾವತಿ ಎಲ್ಲ ಕಡೆಯಿಂದ ಜನ ಬಂದು ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ.

ಹೂವು ನೋಡುವವರ ನಡುವೆ ಹುಡುಗಿ ನೋಡುವವರೂ ಇರುತ್ತಿದ್ದರು. ಇದು ನಮ್ಮ ಕಡೆಯ ಆ ಕಾಲದ ಒಂದು ಪದ್ಧತಿ. ಮನೆಗೇ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹುಡುಗಿಯನ್ನು ನೋಡಿ, ಆಮೇಲೆ ಬೇಡವೆಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದರ ಬದಲು ಎರಡೂ ಕಡೆಯವರು ಪ್ರದರ್ಶನಕ್ಕೆ ಬರುವುದು, ಯಾವುದಾದರೊಂದು ವಸ್ತುವಿನ ಪಕ್ಕದಲ್ಲಿ ಹುಡುಗಿ ನಿಂತಿರುವುದು, ಹುಡುಗನ ಕಡೆಯವರು ಆ ವಸ್ತುವನ್ನು ನೋಡಿದ ಹಾಗೆ ಮಾಡುತ್ತಾ ಹುಡುಗಿಯನ್ನು ನೋಡುವುದು. "ಡೇರೆ ಹೂವಿನ ಹತ್ರ ನಿಂತಿರ್ತಾಳೆ", "ಅನಾನಸ್ಸಿನ ಗೋಪುರದ ಹತ್ರ ಬನ್ನಿ" ಎಂದು ಮೊದಲೇ ಮಾತಾಗಿರುತ್ತಿತ್ತು. ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಯಾರೂ ಯಾರನ್ನೂ ನೋಡಿಲ್ಲ, ಎಲ್ಲರೂ ಹೂವು ನೋಡಲು ಬಂದವರೇ.

ನಾನು ಮಾತ್ರ ಅಂಥ ಯಾವ ಘನಕಾರ್ಯಕ್ಕೂ ಹೋದವಳಲ್ಲ. ನಾನು ಸೋರೆಕಾಯಿ ಕಾಯಲು ಹೋಗಿದ್ದೆ.

ಅಪ್ಪ ಭದ್ರಾವತಿಯ ಕ್ವಾರ್ಟರ್ಸ್‌ನ ಹಿತ್ತಿಲಲ್ಲಿ ಚಪ್ಪರ ಹಾಕಿ ಸೋರೆ ಬೆಳೆಯುತ್ತಿದ್ದರು. ಕಾಯಿ ಭಾರಕ್ಕೆ ತೊಟ್ಟು ಕಳಚದಿರಲಿ ಎಂದು ಹಳೆಯ ಪಂಚೆಯಲ್ಲಿ ಜೋಲಿ ಕಟ್ಟಿ ಕೂರಿಸುತ್ತಿದ್ದರು. ಪಕ್ಕದ ಮನೆಯ ತಮಿಳು ಮಾಮಿ ಅದಕ್ಕೆ ದೃಷ್ಟಿ ತೆಗೆದು ಹೋಗುತ್ತಿದ್ದರು. ಇಷ್ಟೆಲ್ಲ ಮಾಡಿ ಪ್ರದರ್ಶನಕ್ಕೆ ಒಯ್ದರೆ ಅಲ್ಲಿ ಇನ್ನೊಂದು ಕಂಟಕ. ನಮ್ಮ ಜನಕ್ಕೆ ಸೋರೆಕಾಯಿ ಕಂಡರೆ ಉಗುರು ಸುಮ್ಮನಿರುವುದಿಲ್ಲ. ಎಳೆಯದೋ ಬಲಿತದ್ದೋ ಎಂದು ಚುಚ್ಚಿ ನೋಡಲೇಬೇಕು. ಸಂತೆಯಲ್ಲಿ ಕೊಳ್ಳುವಾಗ ಸರಿ, ಬಹುಮಾನದ ಚೀಟಿ ಅಂಟಿಸಿಕೊಂಡು ಮೇಜಿನ ಮೇಲೆ ಮಲಗಿರುವ ಕಾಯಿಗೂ ಅದೇ ಗತಿ. ಹಿಂದಿನ ವರ್ಷ ಅಪ್ಪನ ಕಾಯಿ ಸಂಜೆಯೊಳಗೆ ಸಿಡುಬೆದ್ದ ಮುಖದ ಹಾಗಾಗಿತ್ತು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದರು, ಪಲ್ಯ ಮಾಡಲೂ ಬಿಡಲಿಲ್ಲ. ಅದಕ್ಕೇ ಆ ವರ್ಷ ಡಿಗ್ರಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕಾವಲಿಗೆ ನಿಲ್ಲಿಸಿದರು. ಕಾಯಿಗೆ ಮೊದಲ ಬಹುಮಾನ ಬಂದಿತ್ತು. ನನ್ನ ಕೈಯಲ್ಲಿ ರಟ್ಟಿನ ಬೀಸಣಿಗೆ ಇತ್ತು, ಗಾಳಿಗಲ್ಲ, ಉಗುರುಗಳಿಗೆ.

ಮಧ್ಯಾಹ್ನ ಒಬ್ಬ ಹೆಂಗಸು, ಜೊತೆಗೊಬ್ಬ ಮಗ, ಜಡೆ ಹಾಕಿದ ಮಗಳು, ನನ್ನ ಮೇಜಿನ ಮುಂದೆ ಬಂದು ನಿಂತರು. ಹೆಂಗಸು ಸೋರೆಕಾಯಿಯತ್ತ ಒಮ್ಮೆ ನೋಡಿದ ಶಾಸ್ತ್ರ ಮಾಡಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಯಾವೂರು, ಅಪ್ಪ ಏನು ಮಾಡುತ್ತಾರೆ, ಎಷ್ಟು ಓದಿದ್ದೀಯಮ್ಮಾ, ಅಡುಗೆ ಬರುತ್ತಾ ಎಂದೆಲ್ಲ ಕೇಳಿದರು. ಪ್ರದರ್ಶನದಲ್ಲಿ ಹೆಂಗಸರು ಏನನ್ನಾದರೂ ಕೇಳುತ್ತಾರೆ ಎಂದು ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಅಷ್ಟರಲ್ಲಿ ಆ ಮಗ ಮೆಲ್ಲಗೆ ಕೈ ಚಾಚಿ ನಮ್ಮ ಕಾಯಿಗೆ ಹೆಬ್ಬೆರಳ ಉಗುರು ಊರಿಯೇಬಿಟ್ಟ. ನಾನು ಬೀಸಣಿಗೆಯಿಂದ ಅವನ ಕೈಗೆ ಪಟ್ಟನೆ ಹೊಡೆದೆ. "ಕಣ್ಣಲ್ಲಿ ನೋಡಿ, ಕೈಯಲ್ಲಿ ಯಾಕ್ರೀ ನೋಡ್ತೀರಾ?" ಅಂದೆ. ಜಡೆಯ ಹುಡುಗಿ ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಆ ಹೆಂಗಸು ನಗಲಿಲ್ಲ, ಆದರೆ ಏನೋ ತೀರ್ಮಾನ ಮಾಡಿದವರಂತೆ ತಲೆಯಾಡಿಸಿ ಹೊರಟರು. ಆ ಹೆಂಗಸು ಮುಂದೆ ನನ್ನ ಅತ್ತೆ, ಜಡೆಯವಳು ನಾದಿನಿ. ಉಗುರು ಯಾರದು ಎಂದು ಬೇರೆ ಹೇಳಬೇಕಾಗಿಲ್ಲ.

ನಡೆದದ್ದೇನೆಂದರೆ, ಅವರು ನೋಡಬೇಕಾಗಿದ್ದದ್ದು ಹೊಳಲೂರಿನ ಒಂದು ಹುಡುಗಿಯನ್ನು. ಅವಳು ದೊಡ್ಡ ಸೋರೆಕಾಯಿಯ ಪಕ್ಕ ನಿಂತಿರುತ್ತಾಳೆ ಎಂದು ಮಾತಾಗಿತ್ತು. ಅವಳು ಬರಬೇಕಾಗಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಸೋರೆಕಾಯಿಯ ಪಕ್ಕ ನಿಂತಿದ್ದವಳು ನಾನು. ಅತ್ತೆಯವರು ಮನೆಗೆ ಹೋಗಿ ಹುಡುಗಿ ಒಪ್ಪಿಗೆ ಎಂದು ಹೊಳಲೂರಿಗೆ ಹೇಳಿಕಳಿಸಿದರು. ಅಲ್ಲಿಂದ, ನಾವು ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ, ಯಾರನ್ನು ಒಪ್ಪಿದಿರಿ ಎಂದು ಮಾರುತ್ತರ ಬಂತು. ಇವರ ಮನೆಯಲ್ಲಿ ಗದ್ದಲವೋ ಗದ್ದಲ. ಇನ್ನೊಮ್ಮೆ ಹೋಗಿ ಸರಿಯಾದ ಹುಡುಗಿಯನ್ನು ನೋಡೋಣ ಎಂದು ಅತ್ತೆ, ನೋಡಿದ್ದಾಯಿತಲ್ಲ, ಅವಳೇ ಇರಲಿ ಎಂದು ಮಗ. ಕೊನೆಗೆ ಪ್ರದರ್ಶನದವರಿಂದ ಬಹುಮಾನಿತ ಸೋರೆಕಾಯಿಯ ವಿಳಾಸ ತೆಗೆದುಕೊಂಡು ಭದ್ರಾವತಿಗೆ ಬಂದರು. ಅಪ್ಪ ಅವರು ಬೀಜ ಕೇಳಲು ಬಂದಿದ್ದಾರೆ ಎಂದು ತಿಳಿದು ಒಂದು ಪೊಟ್ಟಣ ಕಟ್ಟಿಯೂ ಇಟ್ಟಿದ್ದರು.

ಮದುವೆ ಆಯಿತು. ಹೊಳಲೂರಿನ ಹುಡುಗಿಗೂ ಒಳ್ಳೆಯ ಮನೆ ಸಿಕ್ಕಿತು. ಈಗಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಾಳೆ, ನನಗಿಂತ ತೆಳ್ಳಗಿದ್ದಾಳೆ, ಅದೊಂದು ಬೇಸರ ಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ಇಲ್ಲ. ತೊಂದರೆ ಶುರುವಾದದ್ದು ನಾದಿನಿಯಿಂದ. ಮನೆ ತುಂಬ ನೆಂಟರಿದ್ದಾಗಲೆಲ್ಲ ಅವಳು ಈ ಕಥೆ ತೆಗೆಯುತ್ತಾಳೆ, ಎಲ್ಲರನ್ನೂ ನಗಿಸುತ್ತಾಳೆ, ಕೊನೆಗೆ ಒಂದು ಮಾತು ಸೇರಿಸುತ್ತಾಳೆ: "ನಮ್ಮತ್ತಿಗೆ ಬಸ್ಸು ಕೆಟ್ಟಿದ್ದಕ್ಕೆ ಸಿಕ್ಕಿದ್ದು. ಸೋರೆಕಾಯಿ ಪಕ್ಕ ಯಾರು ನಿಂತಿದ್ರೂ ನಮ್ಮಣ್ಣ ಹೂಂ ಅಂತಿದ್ದ." ಅವಳ ಮನಸ್ಸಿನಲ್ಲಿ ಕಹಿಯಿಲ್ಲ, ಬಾಯಿ ಮಾತ್ರ ಉದ್ದ. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಆದರೆ ರಾಶಿ ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ಬರುತ್ತಿತ್ತು. ಹುಡುಗಿ ಒಪ್ಪಿಗೆ ಎಂದು ಹೇಳಿಕಳಿಸಿ ಆಗಿಹೋಗಿತ್ತು, ಇನ್ನೊಂದು ಸಲ ಹುಡುಗಿ ನೋಡಲು ಹೋಗುವುದು ನಾಚಿಕೆಯ ಮಾತು, ಹಾಗಾಗಿ ಅವಳೇ ಇರಲಿ ಅಂದರೋ ಏನೋ? ಯಜಮಾನರನ್ನು ಕೇಳಿಯೇಬಿಟ್ಟೆ.

ಆಗ ಹುಟ್ಟಿತು ಆ ಬಾಗಿಲು.

ಯಜಮಾನರ ಕಥೆ ಹೀಗೆ. ಅವರು ಅಮ್ಮನಿಗಿಂತ ಮುಂಚೆ ತಾವೊಬ್ಬರೇ ಹೋಗಿದ್ದರಂತೆ. ಸ್ಕೂಟರನ್ನು ಭವನದ ಉತ್ತರಕ್ಕೆ ನಿಲ್ಲಿಸಿ, ಅಲ್ಲಿದ್ದ ಸಣ್ಣ ಬಾಗಿಲಿನಿಂದ ಇಣುಕಿದರೆ, ಎದುರಿನ ಗೋಡೆಯ ಬಳಿ ನಾನು ಬೀಸಣಿಗೆ ಹಿಡಿದು ಯಾರೋ ಪೇಟದ ಹಿರಿಯರೊಬ್ಬರನ್ನು ಗದರಿಸುತ್ತಿದ್ದೆನಂತೆ. "ತೋರಿಸೋಕೆ ಕರ್ಕೊಂಡು ಬಂದ ಹುಡುಗಿ ಹಾಗೆ ಬೈತಾಳಾ? ಜೊತೇಲಿ ದೊಡ್ಡವರು ಯಾರೂ ಇಲ್ಲ. ಇವಳು ಆ ಹುಡುಗಿ ಅಲ್ಲ ಅಂತ ನಂಗೆ ಅಲ್ಲೇ ಗೊತ್ತಾಯ್ತು. ಗೊತ್ತಿದ್ದೇ ಮುಂದಿನ ಬಾಗಿಲಿಗೆ ಹೋಗಿ ಅಮ್ಮನ್ನ ನಿನ್ನ ಹತ್ರ ಕರ್ಕೊಂಡು ಬಂದೆ." ಅಂದರೆ ತಪ್ಪಿ ಸಿಕ್ಕವಳಲ್ಲ ನಾನು, ನೋಡಿ ಆರಿಸಿದವಳು.

ಚೆನ್ನಾಗಿದೆ. ಆದರೆ ಮುಂಜಾನೆಯಿಂದ ಸಂಜೆಯವರೆಗೆ ಆ ಉತ್ತರದ ಗೋಡೆಗೆ ಮುಖ ಮಾಡಿ ನಿಂತಿದ್ದವಳು ನಾನು. ಅಲಂಕಾರದವರು ಈ ತುದಿಯಿಂದ ಆ ತುದಿಯವರೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಬಾಗಿಲೆಲ್ಲಿ ಬಂತು? "ಬಟ್ಟೆ ಒಂದ್ಕಡೆ ಸರಿದಿತ್ತು" ಎಂದು ಅವರು. ಹೋಗಿ ನೋಡಿ ಬರೋಣವೆಂದರೆ, ಮದುವೆಯಾಗಿ ಬರುವಷ್ಟರಲ್ಲಿ ಒಳಗೆ ಆ ಗೋಡೆಗೆ ಆನಿಸಿ ವೇದಿಕೆ ಕಟ್ಟಿ ಹಿಂದೆ ಹಲಗೆ ಹೊಡೆದಿದ್ದರು, ಹೊರಗೆ ಅದೇ ಗೋಡೆಗೆ ಗೋದಾಮು ಬಂದಿತ್ತು. ಆಮೇಲೆ ಭವನಕ್ಕೇ ಬೀಗ ಬಿತ್ತು.

ನೋಡುವಂತಿಲ್ಲ ಎಂದ ಮೇಲೆ ಬಾಗಿಲು ಬೆಳೆಯತೊಡಗಿತು. ಮೊದಲು ಬರೀ ಬಾಗಿಲಿತ್ತು. ಮಗಳು ಹುಟ್ಟುವಷ್ಟರಲ್ಲಿ ಅದಕ್ಕೆ ಹಸಿರು ಬಣ್ಣ ಬಂದಿತ್ತು. ಮಗಳು ಶಾಲೆಗೆ ಹೋಗುವಾಗ ಹಿತ್ತಾಳೆ ಚಿಲಕ. ಆಮೇಲೆ ಮುಂದೆ ಒಂದು ಕಲ್ಲಿನ ಮೆಟ್ಟಿಲು, ಆ ಮೆಟ್ಟಿಲಿಗೆ ಎಡವಿ ಇವರ ಚಪ್ಪಲಿಯ ಬಾರು ಕಿತ್ತದ್ದು. ಮೊಮ್ಮಗಳಿಗೆ ಹೇಳುವಾಗ ಬಾಗಿಲ ಮೇಲೆ ಗುಬ್ಬಿಗೂಡೂ ಇತ್ತು, ಅದರಲ್ಲಿ ಮರಿಗಳೂ ಇದ್ದವು. "ಬಾರು ಕಿತ್ತ ಚಪ್ಪಲೀಲೇ ಹುಡುಗಿ ನೋಡೋಕೆ ಬಂದ್ರಾ?" ಎಂದು ನಾನು ಕೇಳಿದರೆ, "ಕಾಲು ಎಳ್ಕೊಂಡು ಬಂದೆ. ನೀನು ಕಾಲು ಎಲ್ಲಿ ನೋಡಿದೆ, ಉಗುರು ನೋಡ್ತಿದ್ದೆ" ಅನ್ನುತ್ತಿದ್ದರು. ಬೀಜ ಗೊಬ್ಬರದ ಅಂಗಡಿ ನಡೆಸಿದವರು, ಮಾತಿನಲ್ಲಿ ಸೋಲುವವರಲ್ಲ.

ಇಷ್ಟೆಲ್ಲ ವಾದಿಸುತ್ತಿದ್ದರೂ ನನ್ನ ಒಳಗಿನ ಮಾತು ಬೇರೆ. ಬಾಗಿಲಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ, ಇರಲಿ ಎಂದು ಮನಸ್ಸಿನಲ್ಲಿ ಆಸೆಯಿತ್ತು. ಬಾಗಿಲಿದ್ದರೆ ನಾನು ಅವರು ನೋಡಿ ಬಯಸಿದವಳು. ಇಲ್ಲದಿದ್ದರೆ ಕೆಟ್ಟ ಬಸ್ಸಿನ ಕೃಪೆ. ಇಷ್ಟು ವರ್ಷ ಸಂಸಾರ ಮಾಡಿ, ಮೊಮ್ಮಗಳನ್ನು ಕಂಡ ಮೇಲೆ ಇದನ್ನೆಲ್ಲ ಲೆಕ್ಕಕ್ಕಿಡಬಾರದು ಎಂದು ಗೊತ್ತಿದೆ. ಗೊತ್ತಿದ್ದರೆ ಆಯಿತೇ?

ಕೆಡವುವ ಕೆಲಸ ಶುರುವಾಯಿತು. ಭವನದ ಜಾಗದಲ್ಲಿ ಕಾಂಪ್ಲೆಕ್ಸ್ ಬರುತ್ತದಂತೆ, ಕೆಳಗೆ ಪಾರ್ಕಿಂಗ್. ಕೆಲವರು ಗೇಟಿನ ಮುಂದೆ ಫಲಕ ಹಿಡಿದು ನಿಂತರು. ನಾನೂ ಒಂದು ಬೆಳಿಗ್ಗೆ ಹೋಗಿ ನಿಂತು ಬಂದೆ. ಇಂಥ ಜಾಗವನ್ನು ದುರಸ್ತಿ ಮಾಡದೆ ಬೀಗ ಹಾಕಿ ಕೊಳೆಯಿಸಿ, ಈಗ ಕೊಳೆತಿದೆ ಎಂದು ಒಡೆಯುವವರನ್ನು ಏನೆನ್ನಬೇಕು? ಆ ಸೂರಿನ ಕೆಳಗೆ ಎಷ್ಟು ಅಪ್ಪಂದಿರ ಸೋರೆಕಾಯಿಗಳು ಮಲಗಿದ್ದವು. ಸಿಟ್ಟು ಬಂತು, ಘೋಷಣೆ ಕೂಗಿದೆ, ಗಂಟಲು ಕಟ್ಟಿತು. ಮಾರನೆಯ ದಿನ ಜೆಸಿಬಿ ಒಳಗೆ ಹೋಯಿತು.

ಯಜಮಾನರು ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಅಲ್ಲಿಯೇ. ಎದುರಿನ ಟೀ ಅಂಗಡಿಯಲ್ಲಿ ರಿಟೈರಾದವರ ಒಂದು ದಂಡೇ ನೆರೆಯುತ್ತಿತ್ತು. ಜೆಸಿಬಿ ಓಡಿಸುವವನಿಗೆ ಇವರೆಲ್ಲ ಇಲ್ಲಿಂದಲೇ ಕೈಸನ್ನೆಯಲ್ಲಿ ಎಡಕ್ಕೆ ಬಲಕ್ಕೆ ಹೇಳಿಕೊಡುತ್ತಿದ್ದರು. ಅವನು ಒಮ್ಮೆಯೂ ಇವರತ್ತ ನೋಡಿದ್ದಿಲ್ಲ. ಹೆಂಚು ಇಳಿಸಿದರು, ತೇಗದ ಬಾಗಿಲುಗಳನ್ನು ಕಳಚಿದರು, ಅಪ್ಪನ ಕಬ್ಬಿಣದ ತೊಲೆಗಳನ್ನು ಕ್ರೇನಿನಲ್ಲಿ ಕೆಳಗಿಟ್ಟರು. ಒಂದೂ ಬಾಗಿರಲಿಲ್ಲವಂತೆ. ಅಪ್ಪ ಇದ್ದಿದ್ದರೆ ಒಂದು ವಾರ ಅದೇ ಮಾತಾಗುತ್ತಿತ್ತು. ಆಮೇಲೆ ಗೋದಾಮು ಹೋಯಿತು, ಆ ಕಡೆ ಗೋಡೆಗೆಲ್ಲ ಗಾರೆ ಮೆತ್ತಿದ್ದರಿಂದ ಹೊರಗಿನಿಂದ ಏನೂ ತಿಳಿಯಲಿಲ್ಲವಂತೆ. ವೇದಿಕೆಯೂ ಹೋಯಿತು. ಒಂದು ದಿನ ಹನ್ನೊಂದರ ಹೊತ್ತಿಗೆ ಯಜಮಾನರ ಫೋನು ಬಂತು. "ನಾಳೆ ಹಲಗೆ ತೆಗೀತಾರಂತೆ. ನೀನೂ ಬಾ. ಆಮೇಲೆ ನಾನು ಸುಳ್ಳು ಹೇಳ್ದೆ ಅನ್ಬೇಡ." ನಾದಿನಿಗೂ ಫೋನು ಮಾಡಿ ಹೇಳಿದ್ದರು. ಅವಳಿಗೆ ಮಂಡಿ ನೋವು, ದಾವಣಗೆರೆಯಿಂದ ಬರಲಾಗಲಿಲ್ಲ. "ನಾಳೆ ಸಂಜೆ ಫೋನ್ ಮಾಡ್ತೀನಿ ಅತ್ತಿಗೆ, ರಿಸಲ್ಟ್ ಹೇಳ್ಬೇಕು" ಅಂದಳು.

ಹೋದೆ. ಮಜ್ಜಿಗೆಯ ಬಾಟಲಿ, ಛತ್ರಿ, ಒಂದು ಪೊಟ್ಟಣ ಮಂಡಕ್ಕಿ ಎಲ್ಲ ಕಟ್ಟಿಕೊಂಡು, ತ್ಯಾವರೆಕೊಪ್ಪದ ಸಫಾರಿಗೆ ಹುಲಿ ನೋಡಲು ಹೊರಟವರ ಹಾಗೆ ಸ್ಕೂಟರಿನಲ್ಲಿ ಹೋದೆವು. ಯಜಮಾನರು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ, ಹಳೆಯ ಮರಮುಟ್ಟು ವ್ಯಾಪಾರದ ಸಾಬರು, ಇಷ್ಟು ದಿನದಲ್ಲಿ ಇವರಿಗೆ ಸ್ನೇಹಿತರಾಗಿದ್ದರು. ಊಟದ ಹೊತ್ತಿಗೆ ಜೆಸಿಬಿ ನಿಂತಾಗ ನಮ್ಮನ್ನು ಒಳಗೆ ಬಿಟ್ಟರು. "ಅಮ್ಮಾ, ಜರಾ ನೋಡ್ಕೊಂಡು ಕಾಲಿಡಿ, ಮೊಳೆ ಗಿಳೆ ಬಿದ್ದಿರ್ತವೆ" ಅಂದರು ಸಾಬರು.

ಸೂರಿಲ್ಲದ ಭವನ ಅಷ್ಟು ಚಿಕ್ಕದಾಗಿ ಕಾಣುತ್ತದೆ ಎಂದುಕೊಂಡಿರಲಿಲ್ಲ. ನನ್ನ ಮೇಜು ಇದ್ದ ಜಾಗವನ್ನು ಗುರುತು ಹಿಡಿದು ನಿಂತೆ. ಎದುರಿಗೆ ಉತ್ತರದ ಗೋಡೆ. ಹಲಗೆಗಳನ್ನೆಲ್ಲ ಕಿತ್ತು ಹಾಕಿದ್ದರು. ಹಲಗೆಯ ಜೊತೆಗೆ ಗಾರೆಯೂ ಉದುರಿ ಇಟ್ಟಿಗೆ ಕಾಣುತ್ತಿತ್ತು, ಈ ತುದಿಯಿಂದ ಆ ತುದಿಯವರೆಗೆ, ಒಂದೇ ಸಮನೆ.

ಯಜಮಾನರು ಗೋಡೆಯ ಹತ್ತಿರ ಹೋದರು. ಒಂದು ಕಡೆ ನಿಂತು ಕೈಯಿಟ್ಟರು. ಇನ್ನೊಂದು ಸ್ವಲ್ಪ ಮುಂದೆ ಹೋಗಿ ಅಲ್ಲಿಯೂ ಕೈಯಿಟ್ಟರು. "ಇಲ್ಲೇ ಇತ್ತಲ್ಲ ಮಾರಾಯ್ತಿ..." ಅಂದರು. ಮೇಸ್ತ್ರಿಯನ್ನು ಕರೆದು, ಇಲ್ಲೊಂದು ಬಾಗಿಲಿತ್ತು, ಮುಚ್ಚಿದ್ದಾರೆ ಅನ್ನಿಸುತ್ತದೆ, ಸ್ವಲ್ಪ ನೋಡಿ ಎಂದರು. ಮೇಸ್ತ್ರಿ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ಇಲ್ಲ ಸಾರ್, ಬಾಗ್ಲು ಗೀಗ್ಲು ಏನೂ ಇಲ್ಲ. ಪಾಯದಿಂದ ಒಂದೇ ಗೋಡೆ ಇದು. ಬಾಗ್ಲಿದ್ರೆ ಮೇಲೆ ಕಮಾನು ಇರ್ಬೇಕಲ್ಲ? ಮುಚ್ಚಿದ್ರೂ ಗುರುತು ಪಕ್ಕಾ ಕಾಣುತ್ತೆ."

ಇಷ್ಟು ವರ್ಷದಿಂದ ನಾನು ಕಾದಿದ್ದ ಗಳಿಗೆ ಅದು. ಆಡಬೇಕಾದ ಮಾತುಗಳನ್ನು ಹಿಂದಿನ ದಿನವೇ ಸಿದ್ಧಮಾಡಿಕೊಂಡಿದ್ದೆ. ಹಿತ್ತಾಳೆ ಚಿಲಕ ಎಲ್ಲಿ, ಗುಬ್ಬಿಮರಿಗಳು ಎಲ್ಲಿ ಎಂದು ಕೇಳುವುದಿತ್ತು. ಅವರು ನನ್ನತ್ತ ತಿರುಗಿದರು. ಸಿಕ್ಕಿಬಿದ್ದವರ ಮುಖವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅದು ಹಾಗಿರಲಿಲ್ಲ. ಕಿಸೆಯಲ್ಲಿಟ್ಟ ವಸ್ತು ಕಾಣದಾದಾಗ ಮನುಷ್ಯರು ಹೇಗೆ ನೋಡುತ್ತಾರೋ ಹಾಗೆ ನೋಡುತ್ತಿದ್ದರು. ಅವರು ನನಗೆ ಸುಳ್ಳು ಹೇಳಿರಲಿಲ್ಲ. ಆ ಬಾಗಿಲು ನಿಜವಾಗಿಯೂ ಇತ್ತೆಂದೇ ನಂಬಿದ್ದರು. "ಬನ್ನಿ, ಬಿಸಿಲು" ಅಂದೆ. ಮಂಡಕ್ಕಿ ಪೊಟ್ಟಣ ಬಿಚ್ಚಲೇ ಇಲ್ಲ.

ನಾವು ರಸ್ತೆಗೆ ಬಂದು ನಿಂತ ಮೇಲೆ ಜೆಸಿಬಿ ಮತ್ತೆ ಶುರುವಾಯಿತು. ಉತ್ತರದ ಗೋಡೆ ಒಂದೇ ಏಟಿಗೆ ಬೀಳಲಿಲ್ಲ, ಗಟ್ಟಿ ಗೋಡೆ. ಬಿದ್ದಾಗ ಎದ್ದ ಧೂಳು ಟೀ ಅಂಗಡಿಯವರೆಗೂ ಬಂತು. ರಿಟೈರಾದವರೆಲ್ಲ ಟವೆಲಿನಿಂದ ಮುಖ ಮುಚ್ಚಿಕೊಂಡರು. ಮನೆಗೆ ಬರುವಾಗ ಯಜಮಾನರು ಸ್ಕೂಟರನ್ನು ನಿಧಾನ ಓಡಿಸಿದರು. ಸಿಗ್ನಲ್ಲಿನಲ್ಲಿ ಒಬ್ಬ ಆಟೋದವನು ಅಡ್ಡ ಬಂದರೂ ಬೈಯಲಿಲ್ಲ. ಮನೆಗೆ ಬಂದು ಕಾಫಿಯನ್ನೂ ಕೇಳದೆ ಒಳಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತರು. ಬೆಳಿಗ್ಗೆ ಓದಿ ಮುಗಿಸಿದ್ದ ಪೇಪರ್.

ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಹಾಗಾದರೆ ಬಸ್ಸು ಕೆಟ್ಟಿದ್ದಕ್ಕೇ ಸಿಕ್ಕವಳು ನಾನು, ಸರಿ. ಅದಕ್ಕೆ ದುಃಖ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಒಂದು ದಿನ ಹೆಂಡತಿ ಕೇಳಿದಳೆಂದು, ಬಾಗಿಲೇ ಇಲ್ಲದ ಗೋಡೆಯಲ್ಲಿ ಬಾಗಿಲು ಕೊರೆದು, ವರ್ಷ ವರ್ಷ ಅದಕ್ಕೆ ಬಣ್ಣ ಬಳಿದು, ಚಿಲಕ ಹಾಕಿ, ಮೆಟ್ಟಿಲು ಕಟ್ಟಿ, ಕೊನೆಗೆ ತಾನೂ ಅದರಿಂದಲೇ ಇಣುಕಿ ನೋಡಿದೆ ಎಂದು ನಂಬಿದ ಮನುಷ್ಯ ಒಳಗೆ ಕೂತಿದ್ದ. ಆರಿಸಿ ತಂದವರು ಎಷ್ಟು ಜನ ಇಷ್ಟು ಮಾಡುತ್ತಾರೆ? ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಕಾಫಿಗೆ ನೀರಿಟ್ಟೆ.

ಆಗ ನಾದಿನಿಯ ಫೋನು ಬಂತು. ಒಳಗೆ ಪೇಪರಿನ ಸದ್ದು ನಿಂತಿತು.

"ಏನಾಯ್ತು ಅತ್ತಿಗೆ? ಬಾಗಿಲಿತ್ತಾ?" ನಗು ಆಗಲೇ ಅವಳ ಗಂಟಲಿಗೆ ಬಂದಾಗಿತ್ತು.

"ಇತ್ತು ಕಣೆ" ಅಂದೆ.

"ಏನಂದ್ರಿ?"

"ಇತ್ತು ಅಂದೆ. ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ರು. ಗಾರೆ ಉದುರಿದ ಮೇಲೆ ಕಮಾನು ಚೆನ್ನಾಗಿ ಕಾಣಿಸ್ತು. ಮೇಸ್ತ್ರಿನೂ ಹೇಳಿದ್ರು."

"ಫೋಟೋ ತೆಗ್ದ್ರಾ?"

"ಆ ಧೂಳಲ್ಲಿ ಎಲ್ಲಿ ಫೋಟೋ ಮಾರಾಯ್ತಿ. ಈಗ ಗೋಡೇನೂ ಇಲ್ಲ, ಬೇಕಿದ್ರೆ ಬಂದು ಇಟ್ಟಿಗೆ ರಾಶಿ ನೋಡು."

"ಹಂಗಾದ್ರೆ ನಮ್ಮಣ್ಣ ನೋಡೇ ಮಾಡ್ಕೊಂಡಿದ್ದು ಅನ್ನಿ" ಅಂದಳು. ಹೂಂ ಅಂದೆ.

ಬಾಗಿಲಲ್ಲಿ ಯಜಮಾನರು ಬಂದು ನಿಂತಿದ್ದರು. ಕನ್ನಡಕ ಕೈಯಲ್ಲಿತ್ತು. ಕಣ್ಣು ಕೆಂಪಗಾಗಿತ್ತು, ಧೂಳಿಗೇ ಇರಬಹುದು. ನನ್ನನ್ನು ನೋಡಿದರು, ಫೋನನ್ನು ನೋಡಿದರು.

"ಮೆಟ್ಟಿಲು ಹೇಳಿದ್ಯಾ?" ಅಂದರು ಮೆಲ್ಲಗೆ.

ನಾನು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, "ಮೆಟ್ಟಿಲೂ ಇತ್ತು ಕಣೆ" ಅಂದೆ.